ತಾಳಿದವಳು ಬಾಳಿಯಾಳೇ?

ಕಳೆದ ಮಾರ್ಚಿನಲ್ಲಿ ನಮ್ಮ ಕಡೆ ನಡೆದ ಒಂದು ಮಹಿಳಾ ದಿನಾಚರಣೆಯಲ್ಲಿ ವಂದನಾರ್ಪಣೆಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತೇಳು ವರ್ಷಗಳ ಮೇಷ್ಟರಿಕೆಯಲ್ಲಿ ನಾನು ವೇದಿಕೆಯ ಮೇಲೆ ಮಾಡಿರುವ ಕೆಲಸ ಎರಡೇ. ಒಂದು ಸ್ವಾಗತ, ಇನ್ನೊಂದು ವಂದನಾರ್ಪಣೆ. ನಡುವಿನ ಮಾತೆಲ್ಲ ಅತಿಥಿಗಳದು. ಅಂದಿನ ಮುಖ್ಯ ಅತಿಥಿಗಳು ವಾಡಿಕೆಯಂತೆ ಹೆಣ್ಣನ್ನು ಭೂಮಿತಾಯಿಗೆ ಹೋಲಿಸಿದರು. ಅಗೆದರೂ ಉತ್ತರೂ ತುಳಿದರೂ ತುಟಿಪಿಟಕ್ಕೆನ್ನದೆ ಅನ್ನ ಕೊಡುವ ಭೂಮಿಯ ಹಾಗೆ ಹೆಣ್ಣು ಸಹನಾಮೂರ್ತಿ ಎಂದರು. ತಾಳಿದವನು ಬಾಳಿಯಾನು ಎಂಬ ಗಾದೆ ಹುಟ್ಟಿದ್ದು ಗಂಡಸಿನ ಹೆಸರಿನಲ್ಲಾದರೂ ಅದನ್ನು ಬದುಕಿ ತೋರಿಸಿದವಳು ಹೆಣ್ಣು ಎಂದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಟ್ಟುತ್ತಿದ್ದ ಕೈ ನಡುವೆಯೇ ನಿಂತುಬಿಟ್ಟಿತು. ಮೂರನೆಯ ಸಾಲಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟುತ್ತಿದ್ದಳು.

ಆ ಹುಡುಗಿಯ ಹೆಸರು ಇಲ್ಲಿ ಬೇಡ. ಅದಕ್ಕೆ ಹಿಂದಿನ ಆಗಸ್ಟಿನ ಕ್ರೀಡಾಕೂಟದಲ್ಲಿ ಮೂರು ಸಾವಿರ ಮೀಟರ್ ಓಟದಲ್ಲಿ ಅವಳು ಹೋಬಳಿಗೆ ಮೊದಲನೆಯವಳಾಗಿ ಬಂದಿದ್ದಳು. ತಾಲ್ಲೂಕಿನಲ್ಲಿ ಎರಡನೆಯವಳು. ಬರಿಗಾಲಲ್ಲಿ ಓಡಿದ್ದಳು. ಜಿಲ್ಲಾ ಮಟ್ಟಕ್ಕೆ ಕಳಿಸಲು ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು. ಪತ್ರ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಅಪ್ಪ ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಡಿಸಿ, ಮರ್ಯಾದೆಯಿಂದಲೇ ಹೇಳಿದರು: "ಓದ್ಲಿ ಮೇಡಮ್ಮೋರೆ, ಬ್ಯಾಡ ಅನ್ನಕಿಲ್ಲ. ಈ ಓಟ ಗೀಟ ಮಾತ್ರ ಬ್ಯಾಡ. ಮೈನೆರೆದ ಮಗ ಚಡ್ಡಿ ಹಾಕ್ಕೊಂಡು ಮಂಡ್ಯದಲ್ಲಿ ಓಡುದ್ರೆ ನಾಳೆ ಗಂಡಿನ ಕಡೇರು ಏನಂದಾರು?" ಅಮ್ಮ ಬಾಗಿಲ ಮರೆಯಿಂದ ಸೇರಿಸಿದಳು: "ಓಡುದ್ರೆ ಗರ್ಭಕೋಸ ಜಾರ್ತದಂತಲ್ಲ ಮಿಸ್ಸು?"

ಈ ಮಾತನ್ನು ನಾನು ಮೊದಲು ಕೇಳಿದ್ದು ನಲವತ್ತು ವರ್ಷಗಳ ಹಿಂದೆ, ನಮ್ಮಜ್ಜಿಯ ಬಾಯಲ್ಲಿ. 1984ರ ಮಾತು. ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಕಂಚಿನ ಪದಕ ಕಳೆದುಕೊಂಡಾಗ ನಮ್ಮ ಮೇಷ್ಟ್ರು ತರಗತಿಯಲ್ಲಿ ಅದನ್ನು ಹೇಳಿ, ನೂರನೆಯ ಒಂದು ಪಾಲು ಎಂದರೆ ಎಷ್ಟು ಎಂದು ತೋರಿಸಲು ಚಿಟಿಕೆ ಹೊಡೆದಿದ್ದರು. ಆ ಚಿಟಿಕೆಯ ಸದ್ದು ಕೇಳಿ ನಾನು ಲಂಗವನ್ನು ಎತ್ತಿ ಕಟ್ಟಿ ಎಂಟುನೂರು ಮೀಟರ್ ಓಡಲು ಶುರುಮಾಡಿದೆ. ತಾಲ್ಲೂಕಿನವರೆಗೂ ಹೋದೆ. ಮಾರನೆಯ ವರ್ಷ ನಾನು ದೊಡ್ಡವಳಾದೆ. ಆರತಿ ಎತ್ತಿದರು, ಚಿಗಳಿ ತಿನ್ನಿಸಿದರು. "ಇನ್ನು ಕುಣ್ದದ್ದು ಸಾಕು ಕನವ್ವ, ಹೊಟ್ಟೆ ಕೆಡ್ತದೆ" ಎಂದಳು ಅಜ್ಜಿ. ಅಲ್ಲಿಗೆ ನನ್ನ ಓಟ ಮುಗಿಯಿತು. ಅದೇ 1984ರಲ್ಲಿ, ಅದೇ ಊರಿನಲ್ಲಿ, ಒಲಿಂಪಿಕ್ಸ್‌ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಹೆಂಗಸರಿಗೆ ಮ್ಯಾರಥಾನ್ ಓಡಲು ಅವಕಾಶ ಸಿಕ್ಕಿತ್ತು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮಜ್ಜಿಯನ್ನು ನಾನು ದೂರುವುದಿಲ್ಲ. ಅಕ್ಷರ ಕಲಿಯದ ನಮ್ಮಜ್ಜಿ ಹೇಳಿದ್ದನ್ನೇ ಸೂಟುಬೂಟಿನ ದೊಡ್ಡಮನುಷ್ಯರೂ ಹೇಳುತ್ತಿದ್ದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಸಲ ಎಂಟುನೂರು ಮೀಟರ್ ಓಟ ಇಟ್ಟರು. ಅಂತಿಮ ಓಟದಲ್ಲಿ ಇದ್ದವರು ಒಂಬತ್ತು ಜನ. ಒಂಬತ್ತು ಜನವೂ ಗೆರೆ ಮುಟ್ಟಿದರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದಳು, ಜಪಾನಿನ ಹಿತೋಮಿ ಕಿನುಯೆ ಎರಡನೆಯವಳಾದಳು. ಓಡಿ ಮುಗಿಸಿದ ಮೇಲೆ ದಣಿದವರು ಒಂದು ಗಳಿಗೆ ನೆಲಕ್ಕೆ ಒರಗಿದ್ದು ನಿಜ. ಗಂಡಸರು ಓಡಿದರೂ ಒರಗುತ್ತಾರೆ. ಆದರೆ ಪತ್ರಿಕೆಗಳು ಬರೆದದ್ದೇ ಬೇರೆ. ಹನ್ನೊಂದು ಮಂದಿ ಓಡಿದರು, ಐವರು ನಡುವೆಯೇ ಬಿಟ್ಟರು, ಇನ್ನೈವರು ಕುಸಿದುಬಿದ್ದರು ಎಂದು ಬರೆದ ಪುಣ್ಯಾತ್ಮನೂ ಇದ್ದ. ಒಂಬತ್ತನ್ನು ಹನ್ನೊಂದು ಮಾಡಿದ ಆ ಲೆಕ್ಕವನ್ನು ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಗು ಬರೆದಿದ್ದರೂ ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ. ಒಲಿಂಪಿಕ್ಸ್‌ನ ಹಿರಿಯರು ಗೀಟು ಹಾಕಿದ್ದು ಓಟದ ಮೇಲೆಯೇ. ಅಲ್ಲಿಂದ 1960ರ ರೋಮ್‌ವರೆಗೆ, ಮೂವತ್ತೆರಡು ವರ್ಷ, ಇನ್ನೂರು ಮೀಟರಿಗಿಂತ ಉದ್ದದ ಓಟವೇ ಹೆಂಗಸರಿಗೆ ಇರಲಿಲ್ಲ.

ಒಂದು ಸುಳ್ಳು ಮೂವತ್ತೆರಡು ವರ್ಷ ಬಾಳಿತು. ಆ ಸುಳ್ಳು ಸವೆದದ್ದು ಯಾರ ಭಾಷಣದಿಂದಲೂ ಅಲ್ಲ, ಓಡಿದವರ ಕಾಲುಗಳಿಂದ. 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ಗೆ ಕ್ಯಾಥ್ರಿನ್ ಸ್ವಿಟ್ಜರ್ ಎಂಬ ಹುಡುಗಿ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ನೋಂದಾಯಿಸಿ 261ನೆಯ ನಂಬರು ಪಡೆದಳು. ಓಡುತ್ತಿರುವುದು ಹೆಣ್ಣು ಎಂದು ಗೊತ್ತಾದೊಡನೆ ಸಂಘಟಕರಲ್ಲೊಬ್ಬ ಹಿಂದಿನಿಂದ ಓಡಿಬಂದು ಅವಳ ಮೈಮೇಲಿನ ನಂಬರನ್ನು ಕಿತ್ತುಕೊಳ್ಳಲು ಕೈಹಾಕಿದ. ಅವಳು ನಿಲ್ಲಲಿಲ್ಲ, ಪೂರ್ತಿ ಓಡಿದಳು. ಐದು ವರ್ಷದ ಮೇಲೆ, 1972ರಲ್ಲಿ, ಬಾಸ್ಟನ್‌ನವರು ಹೆಂಗಸರಿಗೆ ಬಾಗಿಲು ತೆರೆದರು. 1984ರಲ್ಲಿ ಜೋನ್ ಬೆನೊಯಿಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಒಲಿಂಪಿಕ್ಸ್‌ನ ಮೊದಲ ಮಹಿಳಾ ಮ್ಯಾರಥಾನ್ ಗೆದ್ದಳು. ಅದೇ ಓಟದಲ್ಲಿ ಸ್ವಿಟ್ಜರ್‌ಲೆಂಡಿನ ಗೇಬ್ರಿಯೆಲಾ ಆ್ಯಂಡರ್ಸನ್ ಬಿಸಿಲಿಗೆ ಬಸವಳಿದು ಕೊನೆಯ ಸುತ್ತನ್ನು ಕುಡಿದವಳ ಹಾಗೆ ತೂರಾಡುತ್ತ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಎಳೆದಳು. ವೈದ್ಯರು ಪಕ್ಕದಲ್ಲೇ ನಡೆದರು, ಮುಟ್ಟಲಿಲ್ಲ. ಅವಳು ಗೆರೆ ದಾಟಿಯೇ ಬಿದ್ದಳು. ಈ ಸಲ ಓಟವನ್ನು ಯಾರೂ ರದ್ದು ಮಾಡಲಿಲ್ಲ.

ಪರದೇಶದ ಕಥೆ ನಮಗೇಕೆ ಎನ್ನುವವರಿಗೆ ನಮ್ಮ ದೇಶದ ಕಥೆ ಹೇಳುತ್ತೇನೆ. ಬಂಗಾಳದ ಆರತಿ ಸಹಾ 1959ರ ಆಗಸ್ಟಿನಲ್ಲಿ ಇಂಗ್ಲಿಷ್ ಕಾಲುವೆ ಈಜಲು ಇಳಿದು, ಗಂಟೆಗಟ್ಟಲೆ ಈಜಿ, ದಡ ಕಾಣುವ ಹೊತ್ತಿಗೆ ಸೋತು ದೋಣಿ ಹತ್ತಬೇಕಾಯಿತು. ಹತ್ತೊಂಬತ್ತು ತುಂಬುತ್ತಿದ್ದ ಹುಡುಗಿ. ಊರಿಗೆ ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಒಂದು ತಿಂಗಳು ಅಲ್ಲೇ ಕಾದು, ಸೆಪ್ಟೆಂಬರ್ 29ರಂದು ಮತ್ತೆ ನೀರಿಗಿಳಿದು, 16 ಗಂಟೆ 20 ನಿಮಿಷ ಈಜಿ ದಡ ಮುಟ್ಟಿದಳು. ಇಂಗ್ಲಿಷ್ ಕಾಲುವೆ ದಾಟಿದ ಏಷ್ಯಾದ ಮೊದಲ ಹೆಣ್ಣು.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಹೆಂಗಸರಿಗೆ ತಾಳಿಕೆ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಗದ್ದೆಗಳು ನಗುತ್ತವೆ. ಬೆಳಗಿನಿಂದ ಬೈಗಿನವರೆಗೆ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವವರು ಯಾರು? ಕಬ್ಬಿನ ಗರಿ ಕೈ ಕೊಯ್ದರೂ ಕೆಲಸ ಬಿಡದವರು ಯಾರು? ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಮನೆಯ ಹೆಂಗಸರಿಗೆ ನಿದ್ದೆ ಇಲ್ಲ. ಸೊಪ್ಪು ಹಾಕಬೇಕು, ಹಾಸಿಗೆ ತೆಗೆಯಬೇಕು, ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡಬೇಕು. ಅದರ ನಡುವೆ ಮುದ್ದೆ ತೊಳಸಬೇಕು. ಇಷ್ಟು ಮಾಡಿ ಮುಗಿಸಿದವಳಿಗೆ ಮೂರು ಕಿಲೋಮೀಟರ್ ಓಟ ಯಾವ ಲೆಕ್ಕ?

ಹಾಗಾದರೆ ಅವಳಿಗೆ ಓಟ ಯಾಕೆ ಬೇಕು? ಇದನ್ನು ನನ್ನ ಸಹೋದ್ಯೋಗಿಗಳೇ ಕೇಳಿದ್ದಾರೆ. ಉತ್ತರ ಇಷ್ಟೇ. ಹೇರಿದ್ದನ್ನು ತಾಳುವುದು ಒಂದು, ತಾನೇ ಆರಿಸಿಕೊಂಡದ್ದನ್ನು ತಾಳುವುದು ಇನ್ನೊಂದು. ಮೊದಲನೆಯದಕ್ಕೆ ಕೊನೆಯ ಗೆರೆ ಇಲ್ಲ. ಇಂದು ಮುಗಿಸಿದ ಕೆಲಸ ನಾಳೆ ಕೋಳಿ ಕೂಗುವಾಗ ಮತ್ತೆ ಕಾದಿರುತ್ತದೆ. ಎರಡನೆಯದಕ್ಕೆ ಒಂದು ಗೆರೆ ಇದೆ, ಅದನ್ನು ದಾಟಿದ ಸುಖ ಇದೆ. ಬೇಡವೆನಿಸಿದರೆ ನಡುವೆ ನಿಲ್ಲುವ ಹಕ್ಕೂ ಇದೆ. ನಿಲ್ಲುವ ಹಕ್ಕು ಇದ್ದೂ ನಿಲ್ಲದೆ ಓಡಿದವಳಿಗೆ ತನ್ನ ಅಳತೆ ತನಗೆ ಗೊತ್ತಾಗುತ್ತದೆ. ಯಾವ ನೋವು ತಾಳಲು ತಕ್ಕದ್ದು, ಯಾವುದು ಅಲ್ಲ ಎಂಬ ವಿವೇಕ ಹುಟ್ಟುತ್ತದೆ. ನಮ್ಮ ಭಾಷಣಕಾರರು ಹೊಗಳುವ ಸಹನೆಯಲ್ಲಿ ಇಲ್ಲದೇ ಇರುವುದು ಈ ವಿವೇಕ.

ಅದು ಇಲ್ಲದಿದ್ದರೆ ಏನಾಗುತ್ತದೆ? 2023ರ ಕೊನೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ, ಬೆಲ್ಲ ಬೇಯಬೇಕಾದ ಜಾಗದಲ್ಲಿ, ಬಸುರಿಯರ ಹೊಟ್ಟೆಯ ಕೂಸು ಗಂಡೋ ಹೆಣ್ಣೋ ಎಂದು ನೋಡುವ ದಂಧೆ ನಡೆಯುತ್ತಿದ್ದುದು ಬಯಲಾಯಿತು. ಅಲ್ಲಿಗೆ ಹೋಗಿ ಮಲಗಿದ ಹೆಂಗಸರು ಸಹನೆ ಇಲ್ಲದವರೇ? ಮನೆಯವರ ಮಾತಿಗೆ ಎದುರಾಡದಷ್ಟು ಸಹನೆ ಇದ್ದುದರಿಂದಲೇ ಅವರಲ್ಲಿ ಎಷ್ಟೋ ಮಂದಿ ಮಲಗಿರಬೇಕು. ಭೂಮಿತಾಯಿಯನ್ನು ಹೊಗಳುವ ಮೊದಲು ನಮ್ಮ ಜಿಲ್ಲೆಯವರು ಇದನ್ನೊಮ್ಮೆ ನೆನೆಯಬೇಕು.

ನಾನು ಈ ಮಾತನ್ನು ಪುಸ್ತಕದಿಂದ ಕಲಿತದ್ದಲ್ಲ. ಕೊರೋನಾ ಕಾಲದಲ್ಲಿ ಮನೆಯಲ್ಲೇ ಕೂತು ಮೈಗೆ ಸಕ್ಕರೆ ಬಂತು. ನಡೆಯಿರಿ ಎಂದರು ಡಾಕ್ಟರು. ಬೆಸಗರಹಳ್ಳಿಯಲ್ಲಿ ಐವತ್ತು ದಾಟಿದ ಟೀಚರು ಬೆಳಗಿನ ಜಾವ ಸೀರೆಯ ಮೇಲೆ ಕ್ಯಾನ್ವಾಸ್ ಷೂ ಹಾಕಿಕೊಂಡು ಬೀಸುಗಾಲಲ್ಲಿ ಹೋದರೆ ಜನ ನೋಡುವುದಿಲ್ಲವೇ? "ಯಾರ ಮನೇಲಿ ಏನಾಯ್ತು ಮೇಡಮ್ಮೋರೆ?" ಎಂದು ಹಾಲು ಹಾಕಲು ಹೊರಟವರು ಗಾಬರಿಯಿಂದ ಕೇಳುತ್ತಿದ್ದರು. ನಮ್ಮ ಯಜಮಾನರು ಮೊದಲ ತಿಂಗಳು ಮೊಪೆಡ್ ಮೇಲೆ ಹಿಂದೆ ಹಿಂದೆ ಬಂದರು. ಬೀದಿನಾಯಿಗಳಿಗೆ ಹೆದರಿ ಎಂದರು. ನಾಯಿಗಳಿಗಿಂತ ನೆಂಟರ ಬಾಯಿಗೆ ಅವರು ಹೆಚ್ಚು ಹೆದರಿದ್ದರೆಂದು ನನಗೆ ಗೊತ್ತಿತ್ತು. ಸೀರೆ ಹೋಗಿ ಚೂಡಿದಾರ ಬಂತು. ನಡಿಗೆ ಹೋಗಿ ನಿಧಾನದ ಓಟ ಬಂತು. ಎರಡು ವರ್ಷದ ಮೇಲೆ ಮೈಸೂರಿನಲ್ಲಿ ನಡೆದ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ.

ಏಳನೆಯ ಕಿಲೋಮೀಟರಿನಲ್ಲಿ ಮಂಡಿ ಕೂಗಿತು. ಬಿಟ್ಟುಬಿಡೋಣ ಎನಿಸಿತು. ಬಿಟ್ಟರೆ ಕೇಳುವವರಿಲ್ಲ. ಅತ್ತೆ ಬಯ್ಯುವುದಿಲ್ಲ, ಮೇಲಧಿಕಾರಿ ನೋಟೀಸು ಕೊಡುವುದಿಲ್ಲ. ಆಗ ಹೊಳೆಯಿತು: ಈ ನೋವು ನನ್ನದು. ಐವತ್ತು ವರ್ಷ ತಾಳಿದ ನೋವುಗಳಲ್ಲಿ ಯಾರೂ ಹೊರಿಸದೆ ನಾನೇ ಕೈಯಾರೆ ಎತ್ತಿಕೊಂಡದ್ದು ಇದೊಂದೇ. ಗೆರೆ ದಾಟಿದಾಗ ಹಿಂದೆ ಬಹಳ ಜನ ಉಳಿದಿರಲಿಲ್ಲ. ಆದರೂ ಅಂದು ರಾತ್ರಿ ಊರಿಗೆ ಬಂದವಳು ಬೆಳಿಗ್ಗೆ ಹೋದವಳಲ್ಲ. ಮಾರನೆಯ ವಾರ, ಎಷ್ಟೋ ವರ್ಷದಿಂದ ಹೇಳಲಾಗದೆ ನುಂಗಿಕೊಂಡಿದ್ದ ಒಂದು "ಆಗುವುದಿಲ್ಲ" ಎಂಬ ಮಾತನ್ನು ಮನೆಯಲ್ಲಿ ಹೇಳಿದೆ. ಅದೇನೆಂದು ಬರೆಯುವುದು ಬೇಡ. ಹೇಳಿದೆ, ಮನೆ ಬೀಳಲಿಲ್ಲ.

ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ಕೇಳುವವರಿಗೆ 2022ರ ಸಂಗತಿಯೊಂದನ್ನು ಹೇಳುತ್ತೇನೆ. 1984ರಲ್ಲಿ ಎವರೆಸ್ಟ್ ಏರಿದ ಭಾರತದ ಮೊದಲ ಮಹಿಳೆ ಬಚೇಂದ್ರಿ ಪಾಲ್ ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ, ಐವತ್ತು ದಾಟಿದ ಹೆಂಗಸರದೇ ಒಂದು ತಂಡ ಕಟ್ಟಿ ಅರುಣಾಚಲದಿಂದ ಲಡಾಖ್‌ವರೆಗೆ ಹಿಮಾಲಯದ ಉದ್ದಕ್ಕೂ ನಡೆಸಿದರು. ಹತ್ತಿರ ಹತ್ತಿರ ಐದು ತಿಂಗಳ ಕಾಲ, ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಆ ತಂಡದಲ್ಲಿ ಬೆಂಗಳೂರಿನ ವಸುಮತಿ ಶ್ರೀನಿವಾಸನ್ ಇದ್ದರು, ಮೈಸೂರಿನ ಶ್ಯಾಮಲಾ ಪದ್ಮನಾಭನ್ ಇದ್ದರು. ಇಬ್ಬರೂ ಅರವತ್ತು ದಾಟಿದವರು. ನಮ್ಮಲ್ಲಿ ಅರವತ್ತಕ್ಕೆ ಹೆಂಗಸಿಗೆ ಕೊಡುವ ಕೆಲಸ ಮೊಮ್ಮಕ್ಕಳ ಜೋಲಿ ತೂಗುವುದು.

ಇದೆಲ್ಲ ಪಟ್ಟಣದ ಅನುಕೂಲಸ್ಥರಿಗೆ, ಸಾವಿರಾರು ರೂಪಾಯಿಯ ಷೂ ಹಾಕುವವರಿಗೆ ಎಂಬ ಆಕ್ಷೇಪ ಇದೆ. ಇದರಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ನಮ್ಮೂರ ಕಡೆಯ ಹೆಂಗಸರು ಶಿವರಾತ್ರಿಗೆ, ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವುದನ್ನು ನೋಡಿಲ್ಲವೇ? ಮಳವಳ್ಳಿ, ಸತ್ತೇಗಾಲ, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ, ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಉಘೇ ಮಾದಪ್ಪ ಎನ್ನುತ್ತ ಬರಿಗಾಲಲ್ಲಿ ಸವೆಸುತ್ತಾರೆ. ಅಂಗಾಲಲ್ಲಿ ಬೊಬ್ಬೆ ಎದ್ದರೂ ಯಾರೂ ಗರ್ಭಕೋಶದ ಮಾತೆತ್ತುವುದಿಲ್ಲ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಟ್ಟು ಕಳಿಸುತ್ತಾರೆ. ಮಾದಪ್ಪನ ಭಕ್ತಿಯನ್ನು ನಾನು ಹಳಿಯುತ್ತಿಲ್ಲ, ನನ್ನ ತಾಯಿಯೂ ನಡೆದವಳೇ. ನಾನು ಕೇಳುವುದು ಇಷ್ಟೇ: ಗಂಡನ ಕಾಯಿಲೆಗೆ, ಮಗನ ನೌಕರಿಗೆ ಹರಕೆ ಹೊತ್ತು ನೂರು ಕಿಲೋಮೀಟರ್ ನಡೆಯಬಲ್ಲ ಹೆಣ್ಣು ತನ್ನ ಖುಷಿಗಾಗಿ ಮೂರು ಕಿಲೋಮೀಟರ್ ಓಡಿದರೆ ಮಾತ್ರ ಹೊಟ್ಟೆ ಕೆಡುತ್ತದೆಯೇ?

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ನಮ್ಮ ಹೆಣ್ಣುಮಕ್ಕಳ ಮೈಯಲ್ಲಿ ರಕ್ತವೇ ಇಲ್ಲ, ಓಡಿಸುವುದು ಹೇಗೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ನಡುವಿನ ಹೆಂಗಸರಲ್ಲಿ ಸುಮಾರು ಅರ್ಧ ಮಂದಿಗೆ ರಕ್ತಹೀನತೆ ಇದೆ. ಆದರೆ ಈ ರಕ್ತಹೀನತೆ ಬಾವಿಯಿಂದ ನೀರು ಸೇದುವಾಗ, ಹುಲ್ಲಿನ ಹೊರೆ ಹೊರುವಾಗ ಯಾರ ನೆನಪಿಗೂ ಬರುವುದಿಲ್ಲ, ಓಟದ ಮೈದಾನದಲ್ಲಿ ಮಾತ್ರ ಬರುತ್ತದೆ. ರಕ್ತ ಇಲ್ಲದ ಮಗುವಿಗೆ ಉಣಿಸಿ, ಮಾತ್ರೆ ನುಂಗಿಸಿ, ಆಮೇಲೆ ಓಡಿಸಬೇಕು. ಓಡುವ ಮಗಳಿಗೆ ಮೊಟ್ಟೆ ಕೇಳುವ ಬಾಯಿ ಬರುತ್ತದೆ. ಮೂಲೆಯಲ್ಲಿ ಕೂರಿಸಿದ ಮಗಳು ತಮ್ಮ ಉಂಡು ಬಿಟ್ಟದ್ದನ್ನು ಉಣ್ಣುತ್ತಾಳೆ.

ಕ್ರೀಡೆಯ ಲೋಕ ದೇವಲೋಕವೇನಲ್ಲ. 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಮುಂತಾದವರು ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತದ್ದನ್ನು ದೇಶವೇ ನೋಡಿತು. ನೋಡಿದಿರಾ, ಇದಕ್ಕೇ ಹೆಣ್ಣುಮಕ್ಕಳನ್ನು ಕಳಿಸಬಾರದು ಎಂದರು ನಮ್ಮ ಸ್ಟಾಫ್ ರೂಮಿನಲ್ಲಿ. ನನಗೆ ಕಂಡದ್ದು ಬೇರೆ. ಅಂಥ ಕಿರುಕುಳ ಕಚೇರಿಯಲ್ಲಿಲ್ಲವೇ, ಬಸ್ಸಿನಲ್ಲಿಲ್ಲವೇ, ಮನೆಯೊಳಗಿಲ್ಲವೇ? ಅಲ್ಲೆಲ್ಲ ನಾವು ತಾಳಿಕೊಂಡೆವು. ಬೀದಿಗೆ ಬಂದು ಕೂತವರು ಅಖಾಡದಲ್ಲಿ ಬಿದ್ದು ಎದ್ದು ಕಲಿತ ಹೆಣ್ಣುಮಕ್ಕಳು.

ಮತ್ತೆ ಆ ಮಾರ್ಚ್ ತಿಂಗಳ ಸಮಾರಂಭಕ್ಕೆ ಬರುತ್ತೇನೆ. ಭಾಷಣಕ್ಕೆ ಮೊದಲು ಮಹಿಳೆಯರಿಗಾಗಿ ಸ್ಪರ್ಧೆಗಳಿದ್ದವು. ರಂಗೋಲಿ, ಮ್ಯೂಸಿಕಲ್ ಚೇರ್, ಚಮಚದಲ್ಲಿ ನಿಂಬೆಹಣ್ಣು. ಆ ಮೂರನೆಯ ಆಟವನ್ನು ಕಂಡುಹಿಡಿದವರು ಹೆಣ್ಣಿನ ಬಾಳನ್ನು ಚೆನ್ನಾಗಿ ಬಲ್ಲವರಿರಬೇಕು. ಚಮಚವನ್ನು ಬಾಯಲ್ಲಿ ಕಚ್ಚಿಕೋ, ಅಂದರೆ ಮಾತಾಡಬೇಡ. ಕಣ್ಣು ನಿಂಬೆಹಣ್ಣಿನ ಮೇಲಿರಲಿ, ಅಂದರೆ ಆಚೆ ಈಚೆ ನೋಡಬೇಡ. ಓಡು, ಆದರೆ ಬೀಳಿಸೀಯ ಜೋಕೆ! ಇದಕ್ಕೆ ಬಹುಮಾನ ಸ್ಟೀಲಿನ ಡಬ್ಬಿ. ವಂದನಾರ್ಪಣೆಗೆ ಎದ್ದಾಗ ನಾನು ಪಟ್ಟಿಯಲ್ಲಿದ್ದ ಹೆಸರುಗಳನ್ನೆಲ್ಲ ಓದಿ, ಕೊನೆಗೆ ಹೇಳಿದೆ: "ಮುಖ್ಯ ಅತಿಥಿಗಳು ನಮ್ಮ ಸಹನೆಯನ್ನು ಹೊಗಳಿದ್ದಕ್ಕೆ ವಂದನೆಗಳು. ಮುಂದಿನ ವರ್ಷ ಚಮಚ ಬೇಡ, ದಯಮಾಡಿ ಐದು ಕಿಲೋಮೀಟರ್ ಓಟ ಇಡಿ. ಈ ಸಭೆಯಲ್ಲಿ ತಾಲ್ಲೂಕಿಗೇ ಎರಡನೆಯವಳಾಗಿ ಓಡಿದ ಹುಡುಗಿಯೊಬ್ಬಳು ಕೂತಿದ್ದಾಳೆ. ಅವಳು ಜಿಲ್ಲೆಗೆ ಹೋಗದೇ ಇದ್ದುದಕ್ಕೂ ನಾವೇ ಕಾರಣ." ಸಭೆ ಗಪ್‌ಚಿಪ್ಪಾಯಿತು. ಕೆಲವು ಅಂಗನವಾಡಿ ಟೀಚರುಗಳು ಹಿಂದಿನಿಂದ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಯಾವ ಸಮಾರಂಭದಲ್ಲೂ ನನಗೆ ವಂದನಾರ್ಪಣೆ ಸಿಕ್ಕಿಲ್ಲ. ಇದು ನಷ್ಟವೆಂದು ನನಗನಿಸಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ದೈಹಿಕ ಶಿಕ್ಷಣದ ಅವಧಿಯನ್ನು ಗಣಿತಕ್ಕೆ, ವಿಜ್ಞಾನಕ್ಕೆ ಕಿತ್ತುಕೊಳ್ಳಬೇಡಿ. ನಾನೂ ಕಿತ್ತುಕೊಂಡವಳೇ, ಅದಕ್ಕೇ ಹೇಳುತ್ತಿದ್ದೇನೆ. ಹುಡುಗರು ಮೈದಾನದಲ್ಲಿ ಕ್ರಿಕೆಟ್ ಆಡುವಾಗ ಹುಡುಗಿಯರನ್ನು ಕೊಠಡಿ ಗುಡಿಸಲು ಕಳಿಸಬೇಡಿ. ಪ್ರತಿ ಶಾಲೆಯಲ್ಲೂ ವರ್ಷಕ್ಕೊಮ್ಮೆಯಾದರೂ ಎಲ್ಲ ಹೆಣ್ಣುಮಕ್ಕಳೂ ಒಂದು ದೂರದ ಓಟ ಓಡಲಿ. ಪದಕಕ್ಕಲ್ಲ. ಬೇಕಾದರೆ ನಡೆಯಲಿ, ನಡುವೆ ನಿಂತು ಉಸಿರು ತೆಗೆದುಕೊಳ್ಳಲಿ. ಕೊನೆಯವಳು ಗೆರೆ ದಾಟುವವರೆಗೂ ಮೇಷ್ಟ್ರುಗಳು ಬಿಸಿಲಲ್ಲಿ ನಿಂತು ಕಾಯಲಿ.

ಜೂನ್‌ನಲ್ಲಿ ಶಾಲೆ ಶುರುವಾದ ವಾರ ಆ ಹುಡುಗಿಯ ತಾಯಿ ಬಂದಿದ್ದಳು. ಹತ್ತನೆಯ ತರಗತಿಯ ಪುಸ್ತಕದ ವಿಚಾರ ಕೇಳಿದಳು, ಮಳೆಯ ವಿಚಾರ ಹೇಳಿದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಮಿಸ್ಸು, ಓಟದ ಕಾಗ್ದಕ್ಕೆ ಅವರಪ್ಪನೇ ರುಜು ಹಾಕಬೇಕಾ?" ಎಂದಳು. ಬೀರು ತೆಗೆದು ಹಳೆಯ ನಮೂನೆಯನ್ನು ತೋರಿಸಿದೆ. ಅದರಲ್ಲಿ ತಂದೆಯ ಸಹಿ ಎಂದಿಲ್ಲ, ಪೋಷಕರ ಸಹಿ ಎಂದಿದೆ. ಅವಳು ಬೆರಳಿಟ್ಟು ಆ ಸಾಲನ್ನು ನಿಧಾನವಾಗಿ ಓದಿಕೊಂಡಳು. "ಎಂಟ್ನೆ ಕ್ಲಾಸ್ ಗಂಟ ಓದಿವ್ನಿ. ರುಜು ಹಾಕಕೆ ಬತ್ತದೆ ಕನ ಮಿಸ್ಸು" ಎಂದು ಹೇಳಿ, ಸೆರಗು ಸರಿಮಾಡಿಕೊಂಡು ಹೊರಟಳು.

ಆಗಸ್ಟ್ ಹತ್ತಿರ ಬರುತ್ತಿದೆ. ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಬೇಕು.